ಬಂದರೆ ಬಂತು, 8:20ರ ಬಸ್ಸು

ನಮ್ಮ ಸ್ಟಾಪಿನಲ್ಲಿ ಬಸ್ಸು ಮೊದಲು ಕಿವಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ತಿರುವಿನ ಆಚೆ ಒಂದು ಏರು ಇದೆ. ಅಲ್ಲಿ ಡ್ರೈವರ್ ಸೆಕೆಂಡ್ ಗೇರಿಗೆ ಇಳಿಸುತ್ತಾರೆ. ಆ ಸದ್ದು ತೋಟದ ಸಿಲ್ವರ್ ಮರಗಳ ಮಧ್ಯೆ ಹಾದು ಬಂತು ಅಂದರೆ ಸ್ಟಾಪಿನಲ್ಲಿ ಇದ್ದವರೆಲ್ಲ ಒಟ್ಟಿಗೇ ಬ್ಯಾಗ್ ಎತ್ತಿಕೊಳ್ಳುತ್ತೇವೆ. ಟಿಪ್ಪರಿನ ಸದ್ದು ಬೇರೆ, ಅದರ ಹಿಂದಿನ ಬಾಗಿಲು ಡಬಡಬ ಬಡಿಯುತ್ತಿರುತ್ತದೆ. ಪಿಕಪ್ ಆದರೆ ಸದ್ದು ತೆಳು. ಹನ್ನೊಂದು ವರ್ಷ ಕಾದರೆ ಇಷ್ಟು ವಿದ್ಯೆ ಬರದೇ ಇರುತ್ತದಾ?

ಆದರೂ ಕೆಲವು ಸಲ ಮೋಸ ಹೋಗುತ್ತೇವೆ. ಬ್ಯಾಗ್ ಎತ್ತಿ, ಕೊಡೆ ಮಡಚಿ, ರಸ್ತೆ ಬದಿಗೆ ಬಂದು ನಿಂತ ಮೇಲೆ ತಿರುವಿನಲ್ಲಿ ಕಾಣುವುದು ಗೊಬ್ಬರದ ಲಾರಿ. ಆಗ ಬ್ಯಾಗನ್ನು ವಾಪಸ್ ಬೆಂಚಿನ ಮೇಲೆ ಇಡುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ನಮ್ಮ ಸ್ಟಾಪು ಮೂರ್ನಾಡಿನಿಂದ ಸ್ವಲ್ಪ ಈಚೆ. ಹಾಕತ್ತೂರು, ಮೇಕೇರಿ ದಾಟಿದರೆ ಮಡಿಕೇರಿ. ಬಸ್ಸು ಸಿಕ್ಕಿದರೆ ಅರ್ಧ ಗಂಟೆ ಸಾಕು. ನಾನು ಮಡಿಕೇರಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂಬತ್ತೂವರೆಗೆ ಅಲ್ಲಿರಬೇಕು. 8:20ಕ್ಕೆ ನಾಪೋಕ್ಲು ಕಡೆಯಿಂದ ಬರುವ ಬಸ್ಸು ಹತ್ತಿದರೆ ಒಂಬತ್ತಕ್ಕೆಲ್ಲ ಇಳಿದು, ಚೌಕಿ ಹತ್ತಿರ ಒಂದು ಕಾಫಿ ಕುಡಿದು ಹೋಗಬಹುದು. ಹೀಗೆ ಆರಾಮಾಗಿ ಕಾಫಿ ಕುಡಿದ ದಿನಗಳು ನನಗೆ ಒಂದೊಂದೂ ನೆನಪಿವೆ. ಅಷ್ಟು ಕಡಿಮೆ.

ತಂಗುದಾಣದ ಬಗ್ಗೆ ಹೇಳಬೇಕು. ಯಾರದೋ ನೆನಪಿಗೆ ಅವರ ಮನೆಯವರು ಕಟ್ಟಿಸಿದ್ದು. ಕೊಡಗಿನಲ್ಲಿ ಇಂಥವು ಬಹಳ ಇವೆ. ಹೆಂಚಿನ ಮಾಡು, ಎರಡು ಕಡೆ ಸಿಮೆಂಟಿನ ಬೆಂಚು, ಹಿಂದಿನ ಗೋಡೆಯಲ್ಲಿ ಕಪ್ಪು ಕಲ್ಲು. ಕಲ್ಲಿನಲ್ಲಿ ತೀರಿಹೋದವರ ಹೆಸರು, ಹುಟ್ಟಿದ ದಿನ, ತೀರಿದ ದಿನ. ಎಷ್ಟು ಪಾಚಿ ಕಟ್ಟಿದರೂ ಆ ದಿನಾಂಕಗಳು ಓದಲು ಬರುತ್ತವೆ. ಬಸ್ಸಿನ ಟೈಮ್ ಮಾತ್ರ ಎಲ್ಲೂ ಬರೆದಿಲ್ಲ.

ಟೈಮ್ ಗೊತ್ತಿರುವುದು ಎದುರಿನ ಚಾ ಅಂಗಡಿ ಕಾಕಾನಿಗೆ. ನಾಪೋಕ್ಲು ಪೇಟೆಯಲ್ಲಿ ಅವರ ಭಾವನ ಅಂಗಡಿ ಇದೆ. ಬಸ್ಸು ಅಲ್ಲಿ ಬಿಟ್ಟ ಕೂಡಲೇ ಭಾವ ಫೋನ್ ಮಾಡುತ್ತಾರೆ. ಅವರಿಬ್ಬರ ಮಾತು ಮಲಯಾಳಂನಲ್ಲಿ, ವಿಷಯ ಮೀನಿನ ರೇಟು. ಆದರೆ ಕೊನೆಗೆ ಒಂದು ಸಾಲು ನಮಗಾಗಿ ಇರುತ್ತದೆ. ಕಾಕಾ ಗ್ಲಾಸು ತೊಳೆಯುತ್ತಲೇ ರಸ್ತೆ ಆಚೆಯಿಂದ ಕೂಗುತ್ತಾರೆ, "ಬಿಟ್ಟಿದೆ!" ಕೆಲವು ದಿನ ಕೂಗುವುದಿಲ್ಲ. ನಾನೇ ಹೋಗಿ ಕೇಳಿದರೆ, "ಮೋಳೇ, ಇವತ್ತು ಅದು ಇಲ್ಲ. ಮುಂದಿನದು ನೋಡು" ಅನ್ನುತ್ತಾರೆ. ಯಾಕಿಲ್ಲ ಅಂತ ಅವರಿಗೂ ಗೊತ್ತಿರುವುದಿಲ್ಲ. ಬ್ರೇಕ್ ಡೌನ್ ಇರಬಹುದು, ಡ್ರೈವರ್ ರಜೆ ಇರಬಹುದು, ಯಾವುದೋ ಮದುವೆಗೆ ಬಸ್ಸು ಬಾಡಿಗೆ ಹೋಗಿರಬಹುದು. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಬಂದರೆ ತಲಕಾವೇರಿ ಕಡೆಗೆ ಹೆಚ್ಚಿಗೆ ಬಸ್ಸು ಬಿಡುತ್ತಾರೆ. ಬಿಡಲಿ, ತೀರ್ಥಕ್ಕೆ ಹೋಗುವವರು ಹೋಗಲೇಬೇಕು. ಆ ಹೆಚ್ಚಿನ ಬಸ್ಸು ಯಾರ ಸ್ಟಾಪಿನಿಂದ ಹೋಯಿತು ಅಂತ ಮಾತ್ರ ನಾವು ಬೆಂಚಿನ ಮೇಲೆ ಕೂತು ಲೆಕ್ಕ ಹಾಕುತ್ತೇವೆ.

ತಡವಾಗುವುದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಇದನ್ನು ಹೇಳಿದರೆ ಮನೆಯವರು ನಂಬುವುದಿಲ್ಲ. ಬೆಟ್ಟದ ಊರು, ಒಂದು ಬಸ್ಸು ಇಳಿಯುವಾಗ ಇನ್ನೊಂದು ಹತ್ತಿದರೆ ತಿರುವಿನಲ್ಲಿ ಯಾರಾದರೂ ಒಬ್ಬರು ರಿವರ್ಸ್ ಹೋಗಲೇಬೇಕು. ಹತ್ತು ನಿಮಿಷ ಅದಕ್ಕೇ ಹೋಗುತ್ತದೆ, ಸರಿ. ನನಗೆ ಸಿಟ್ಟು ಬಂದದ್ದು ನಾನು ಸುಳ್ಳು ಹೇಳಲು ಶುರು ಮಾಡಿದ್ದೇನೆ ಅಂತ ಗೊತ್ತಾದಾಗ.

ಒಂದು ದಿನ ಅಂಗಡಿಯಿಂದ ಫೋನ್ ಬಂತು. ಎಲ್ಲಿದ್ದೀಯ ಅಂದರು. ನಾನು ತಂಗುದಾಣದ ಬೆಂಚಿನ ಮೇಲೆ ಕಾಲು ಮೇಲಿಟ್ಟುಕೊಂಡು ಜಿಗಣೆ ಕೀಳುತ್ತಾ ಕೂತಿದ್ದೆ. ಬಾಯಲ್ಲಿ ಬಂದದ್ದು, "ಮೇಕೇರಿ ದಾಟ್ತಾ ಇದ್ದೀನಿ ಸಾರ್." ಪಕ್ಕದಲ್ಲಿದ್ದ ಹೈಸ್ಕೂಲ್ ಹುಡುಗಿ ನನ್ನನ್ನೇ ನೋಡಿದಳು. ಫೋನ್ ಇಟ್ಟ ಮೇಲೂ ನೋಡುತ್ತಲೇ ಇದ್ದಳು.

ಅಲ್ಲಿಂದ ಅದೇ ಅಭ್ಯಾಸವಾಯಿತು. ಹಾಕತ್ತೂರಿನಲ್ಲಿದ್ದರೆ ಮೇಕೇರಿ ಅಂತ, ಮೇಕೇರಿಯಲ್ಲಿದ್ದರೆ ಇಳಿಯುತ್ತಿದ್ದೇನೆ ಅಂತ. ನಿಜ ಹೇಳಿದ ದಿನ ನಂಬಿದವರೂ ಇಲ್ಲ. "ನಿನ್ನ ಬಸ್ಸಿಗೆ ದಿನಾ ಒಂದು ಕಾಯಿಲೆ" ಅಂತ ಸಾರ್ ನಗುತ್ತಲೇ ಹೇಳುತ್ತಾರೆ. ನಗುತ್ತಲೇ ಹೇಳಿದರೂ ನಗು ಅಲ್ಲ ಅದು. ಲೆಕ್ಕ ಬರೆಯುವವಳ ಮಾತಿಗೆ ಬೆಲೆ ಹೋದರೆ ಇನ್ನೇನು ಉಳಿಯಿತು? ಮಗಳ ಶಾಲೆಯ ಮೀಟಿಂಗಿಗೆ ಮೂರು ಗಂಟೆಗೆ ಬರುತ್ತೇನೆ ಅಂದರೆ ಅವಳು, "ಬಸ್ಸು ಸಿಕ್ರೆ ಅಲ್ವಾ ಅಮ್ಮ?" ಅಂತ ಸೇರಿಸಿ ಹೇಳುತ್ತಾಳೆ. ಎಂಟು ವರ್ಷದ ಮಗು. ಬಸ್ಸು ಮಾತಿಗೆ ತಪ್ಪಿದ್ದು, ಹೆಸರು ಕೆಟ್ಟದ್ದು ನನ್ನದು.

ಹಾಗಾದರೆ ಬೇಗ ಹೊರಡಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಹೊರಟು ನೋಡಿದ್ದೇನೆ. 7:30ರ ಬಸ್ಸಿಗೆ ಬಂದು ನಿಂತರೆ, ಅದು ಆ ದಿನ ಗಡಿಯಾರ ನೋಡಿಕೊಂಡು ಬಂದ ಹಾಗೆ ಬರುತ್ತದೆ. ಎಂಟು ಹತ್ತಕ್ಕೆ ಮಡಿಕೇರಿ. ಅಂಗಡಿ ಶಟರ್ ಎತ್ತಲು ಇನ್ನೂ ಒಂದು ಗಂಟೆ ಮೇಲಿದೆ. ಮಳೆಗಾಲದಲ್ಲಿ ಆ ಒಂದು ಗಂಟೆ ಎಲ್ಲಿ ನಿಲ್ಲುವುದು? ಪಕ್ಕದ ಮೆಡಿಕಲ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಗಾಳಿಗೆ ಕೊಡೆ ಅಡ್ಡ ಹಿಡಿದುಕೊಂಡು ನೆನೆದಿದ್ದೇನೆ. ಅಂದರೆ ಬಸ್ಸು ತಪ್ಪಿದ ದಿನ ನನ್ನ ಒಂದು ಗಂಟೆ ಹೋಗುತ್ತದೆ, ಬಸ್ಸು ಸರಿಯಾಗಿ ಬಂದ ದಿನವೂ ಒಂದು ಗಂಟೆ ಹೋಗುತ್ತದೆ. ಮನೆಯಲ್ಲಿ ಅತ್ತೆಗೆ ತಿಂಡಿ, ಮಗಳ ಜಡೆ, ಎಲ್ಲ ಆ ಗಂಟೆಯಿಂದ ಕಳೆಯಬೇಕು. ಇದು ಯಾವ ಟಿಕೆಟಿನಲ್ಲೂ ಬರೆದಿರುವುದಿಲ್ಲ.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. 2025ರ ಆಗಸ್ಟ್ 10ರಂದು ಅಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾಯಿತಲ್ಲ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ. ಶುರುವಿನಲ್ಲಿ ರೈಲುಗಳು ಕಡಿಮೆ ಇದ್ದವು, 25 ನಿಮಿಷಕ್ಕೊಂದು. ಅವನು ಫೋನಿನಲ್ಲಿ ಗೋಳು ತೋಡಿಕೊಂಡ. "ಅಕ್ಕ, ಇಪ್ಪತ್ತೈದು ನಿಮಿಷ! ಯಾರು ಕಾಯ್ತಾರೆ?" ನನಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೈದು ಅಂದರೆ ಇಪ್ಪತ್ತೈದೇ ಅಲ್ವಾ? ಅಷ್ಟು ಗ್ಯಾರಂಟಿ ಇದ್ದರೆ ನಾನು ಕಾಕಾನ ಅಂಗಡಿಯಲ್ಲಿ ಒಂದು ಚಾ, ಒಂದು ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಮುಗಿಸಿ, ಪೇಪರ್ ಓದಿ, ಒಂದು ನಿಮಿಷ ಇರುವಾಗ ಎದ್ದು ಬರುತ್ತೇನೆ. ಗೊತ್ತಿಲ್ಲದ ಹತ್ತು ನಿಮಿಷಕ್ಕೆ ಚಾ ಕೂಡ ಕುಡಿಯಲು ಆಗುವುದಿಲ್ಲ. ಬಿಸಿ ಚಾ ಕೈಗೆ ಬಂದ ಕೂಡಲೇ ಬಸ್ಸು ಬರುತ್ತದೆ. ಇದನ್ನು ನಾನು ಹಲವಾರು ಸಲ ಪರೀಕ್ಷೆ ಮಾಡಿ ನೋಡಿದ್ದೇನೆ. ಬಸ್ಸು ಬರಿಸಬೇಕಾದರೆ ಚಾ ಹೇಳುವುದೇ ಉಪಾಯ ಅಂತ ನಮ್ಮಲ್ಲಿ ಒಂದು ತಮಾಷೆಯೂ ಇದೆ.

ನಮಗೆ ರೈಲಿಲ್ಲ. ಕೊಡಗು ಜಿಲ್ಲೆಯೊಳಗೆ ರೈಲು ಹಳಿಯೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರುತ್ತದೆ ಅಂತ ಚುನಾವಣೆ ಬಂದಾಗಲೆಲ್ಲ ಮಾತು ಬರುತ್ತದೆ. ಬಂದರೂ ನನ್ನ ಸ್ಟಾಪಿಗೆ ಬರುವುದಿಲ್ಲ ಬಿಡಿ. ಬಸ್ಸು ಬಿಟ್ಟರೆ ಆಟೋ, ಜೀಪು, ಸ್ವಂತ ಗಾಡಿ, ಕಾಲು. ಅಷ್ಟೇ.

ಬಸ್ಸಿನವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ ಸುಮಾರು ಐದೂವರೆ ಲಕ್ಷ. ಚದರ ಕಿಲೋಮೀಟರಿಗೆ 135 ಜನ. ಇಡೀ ಕರ್ನಾಟಕದ ಲೆಕ್ಕ ತೆಗೆದರೆ 319. ಅದೂ ಬಯಲುಸೀಮೆಯ ಹಾಗೆ ಊರು ಒಂದೇ ಕಡೆ ಗುಂಪಾಗಿ ಇಲ್ಲ. ತೋಟದ ಮಧ್ಯೆ ಒಂದು ಮನೆ, ಅರ್ಧ ಮೈಲಿ ಆಚೆ ಇನ್ನೊಂದು, ಗದ್ದೆ ದಾಟಿದರೆ ತೋಟದ ಕೆಲಸದವರ ಲೈನ್ ಮನೆಗಳು. ಒಂದು ಸ್ಟಾಪಿನಲ್ಲಿ ಇಬ್ಬರು, ಮುಂದಿನದರಲ್ಲಿ ಒಬ್ಬರು. ಬಸ್ಸು ತುಂಬುವ ಹೊತ್ತಿಗೆ ಮಡಿಕೇರಿ ಬಂದಿರುತ್ತದೆ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಜನ. ಶುಕ್ರವಾರ ಮಡಿಕೇರಿ ಸಂತೆಯ ದಿನ ಸ್ವಲ್ಪ ಜಾಸ್ತಿ. ಉಳಿದ ಹೊತ್ತು ಕಂಡಕ್ಟರ್ ಕಿಟಕಿ ಪಕ್ಕ ಕೂತು ನೋಟು ಜೋಡಿಸುತ್ತಿರುತ್ತಾರೆ.

ಆದರೆ ಇರುವ ಬಸ್ಸುಗಳನ್ನೂ ಸರಿಯಾಗಿ ಹಂಚುವುದಿಲ್ಲವಲ್ಲ ಅನ್ನುವುದು ನನ್ನ ಹಳೇ ಜಗಳ. ನಮ್ಮ ದಾರಿಯಲ್ಲಿ ಸರ್ಕಾರಿ ಬಸ್ಸೂ ಇದೆ, ಖಾಸಗಿ ಬಸ್ಸೂ ಇದೆ. ಖಾಸಗಿಯವರಿಗೆ ಪರ್ಮಿಟ್ ಜೊತೆಗೆ ಟೈಮಿಂಗ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಎಂಟು ಹತ್ತರಿಂದ ಎಂಟೂವರೆ ಒಳಗೆ ಎಲ್ಲರಿಗೂ ಬೇಕು, ಯಾಕೆಂದರೆ ಜನ ಇರುವುದು ಆಗ. ಹಾಗಾಗಿ ಎರಡು ಬಸ್ಸು ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತವೆ. ಮುಂದಿನದು ಸ್ಟಾಪಿನಲ್ಲಿ ಸರಿಯಾಗಿ ನಿಲ್ಲುವುದೂ ಇಲ್ಲ, ಹಿಂದಿನದು ಓವರ್‌ಟೇಕ್ ಮಾಡಿಬಿಟ್ಟರೆ ಅಂತ. "ಬೇಗ ಹತ್ತಿ, ಬೇಗ ಹತ್ತಿ, ರೈಟ್!" ಆಮೇಲೆ ಐವತ್ತು ನಿಮಿಷ ರಸ್ತೆ ಖಾಲಿ. ನಾಯಿ ನಡುರಸ್ತೆಯಲ್ಲಿ ಮಲಗುತ್ತದೆ.

ನಾನು ಲೆಕ್ಕದವಳು, ಒಂದು ದಿನ ಸುಮ್ನೆ ಕೂತು ಇದನ್ನೇ ಲೆಕ್ಕ ಹಾಕಿದೆ. ಗಂಟೆಗೆ ಎರಡು ಬಸ್ಸು ಅಂತಿಟ್ಟುಕೊಳ್ಳಿ. ಸರಿಯಾಗಿ ಅರ್ಧ ಗಂಟೆಗೊಂದು ಬಂದರೆ, ಟೈಮ್ ನೋಡದೆ ಸ್ಟಾಪಿಗೆ ಬಂದವರು ಸರಾಸರಿ 15 ನಿಮಿಷ ಕಾಯುತ್ತಾರೆ. ಅದೇ ಎರಡು ಬಸ್ಸು ಹತ್ತು ನಿಮಿಷದ ಅಂತರದಲ್ಲಿ ಬಂದು, ಆಮೇಲೆ ಐವತ್ತು ನಿಮಿಷ ಏನೂ ಇಲ್ಲದಿದ್ದರೆ? ಬರುವವರಲ್ಲಿ ಆರರಲ್ಲಿ ಐದು ಪಾಲು ಜನ ಆ ಐವತ್ತರ ಹೊಂಡದಲ್ಲೇ ಬೀಳುತ್ತಾರೆ. ಸರಾಸರಿ ಕಾಯುವುದು ಹೆಚ್ಚುಕಡಿಮೆ 22 ನಿಮಿಷ. ಬಸ್ಸು ಅಷ್ಟೇ, ಡೀಸೆಲ್ ಅಷ್ಟೇ, ಡ್ರೈವರ್ ಅಷ್ಟೇ. ಕಾಗದದ ಮೇಲೆ "ಗಂಟೆಗೆ ಎರಡು ಬಸ್ಸು" ಅನ್ನುವುದೂ ನಿಜವೇ. ಇದನ್ನು ಕಾಕಾನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆಯ್ತು ಮೋಳೇ, ಈಗ ಇದನ್ನ ಯಾರಿಗೆ ಹೇಳ್ತೀ?" ಅಂದರು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಒಳ್ಳೆಯದೇ ಆಯಿತು, ನನ್ನ ತಿಂಗಳ ಖರ್ಚಿನಲ್ಲಿ ಅದು ಕಾಣುತ್ತದೆ. ಆದರೆ ಖಾಸಗಿ ಬಸ್ಸಿಗೆ ಅದು ಇಲ್ಲ. ಹಾಗಾಗಿ ಈಗ ಬೆಳಿಗ್ಗೆ ಹೊಸ ಥರದ ಲೆಕ್ಕ ಶುರುವಾಗಿದೆ. ಖಾಸಗಿ ಬಸ್ಸು ಬಂದು ನಿಂತರೆ ಅದಕ್ಕೆ ಹತ್ತುವುದಾ, ಸರ್ಕಾರಿ ಬಸ್ಸಿಗೆ ಕಾಯುವುದಾ? ಕಂಡಕ್ಟರ್ ಬಾಗಿಲಲ್ಲಿ ನೇತುಕೊಂಡು ನಮ್ಮ ಮುಖ ನೋಡುತ್ತಾನೆ. ನಾವು ಆಕಾಶ ನೋಡುತ್ತೇವೆ. ನಮ್ಮ ಸ್ಟಾಪಿನ ಟೈಲರ್ ಅಕ್ಕ ಯಾವತ್ತೂ ಕಾಯುತ್ತಾರೆ. ಒಂದು ಬ್ಲೌಸಿಗೆ ಹುಕ್ಕು ಹಾಕಿ ಅಂಚು ಹೊಲಿದರೆ ಇಷ್ಟು ಸಿಗುತ್ತದೆ, ಹೋಗಿಬರುವ ಟಿಕೆಟಿಗೆ ಇಷ್ಟು ಹೋಗುತ್ತದೆ ಅಂತ ಅವರಿಗೆ ಬೆರಳ ತುದಿಯಲ್ಲಿದೆ. ಸರ್ಕಾರಿ ಬಸ್ಸು ಆ ದಿನ ಬರದೇ ಇದ್ದರೆ ಅಕ್ಕನ ಮುಖ ನೋಡಬಾರದು. ಹಣ ಉಳಿಸಲು ಹೋಗಿ ದಿನವೇ ಹೋಯಿತಲ್ಲ ಅಂತ.

ಮಳೆಗಾಲದ್ದು ಪೂರ್ತಿ ಬೇರೆ ಪುರಾಣ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನಲ್ಲಿ, ಕಾವೇರಿ ಉಕ್ಕಿದರೆ ನಾಪೋಕ್ಲು–ಮೂರ್ನಾಡು ರಸ್ತೆಗೆ ಬೊಳಿಬಾಣೆಯಲ್ಲಿ ನೀರು ಬರುತ್ತದೆ. ನಮ್ಮ ಬಸ್ಸು ಬರುವುದೇ ಆ ಕಡೆಯಿಂದ. ನೀರು ಬಂತು ಅಂದರೆ ಅದು ಬೇರೆ ದಾರಿ ಹಿಡಿದು ಮಡಿಕೇರಿ ಸೇರುತ್ತದೆ, ನಾವು ಇಲ್ಲಿ ಕಿವಿ ಕೊಟ್ಟು ಕೂತಿರುತ್ತೇವೆ. ಗಾಳಿಗೆ ಮರ ಬೀಳುತ್ತದೆ, ಮರದ ಜೊತೆ ಕರೆಂಟು ಕಂಬ ಬೀಳುತ್ತದೆ, ಕಂಬದ ಜೊತೆ ಮೊಬೈಲ್ ಟವರೂ ಸುಮ್ಮನಾಗುತ್ತದೆ. ಕಾಕಾನ ಭಾವನ ಫೋನೂ ಇಲ್ಲ ಆಗ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ಮಡಿಕೇರಿ–ಸಂಪಾಜೆ ರಸ್ತೆಯೇ ಹೋಗಿತ್ತು. ಆಗ ಯಾರೂ ಬಸ್ಸು ಯಾಕಿಲ್ಲ ಅಂತ ಕೇಳಲಿಲ್ಲ. ಮನುಷ್ಯರಿದ್ದಾರಾ ಅಂತ ಕೇಳುತ್ತಿದ್ದೆವು. ಪ್ರಕೃತಿ ಮಾಡಿದ್ದಕ್ಕೆ ನಾನು ಡ್ರೈವರ್ ಮೇಲೆ ಹೇಳುವುದಿಲ್ಲ.

ಮಳೆಗೆ ಶಾಲೆ ರಜೆ ಕೊಟ್ಟ ದಿನ ಮಾತ್ರ ಬೇರೆಯೇ ಕಥೆ. ರಸ್ತೆ ಸರಿ ಇರುತ್ತದೆ, ಬಸ್ಸು ಸರಿ ಇರುತ್ತದೆ, ಡ್ರೈವರೂ ಇರುತ್ತಾರೆ. ಆದರೆ ಮಕ್ಕಳಿಲ್ಲ. ಮಕ್ಕಳಿಲ್ಲದಿದ್ದರೆ ಕಲೆಕ್ಷನ್ ಇಲ್ಲ, ಟ್ರಿಪ್ ಕಟ್. ಬೆಳಿಗ್ಗೆ ರಜೆಯ ಸುದ್ದಿ ಮೊಬೈಲಿಗೆ ಬಂದಾಗ ಮಗಳು ಕುಣಿಯುತ್ತಾಳೆ. ನಾನು ಅಂಗಡಿಗೆ ಫೋನ್ ಮಾಡಿ ಇವತ್ತು ಯಾವ ಊರು ದಾಟುತ್ತಿದ್ದೇನೆ ಅಂತ ಹೇಳಲಿ ಅಂತ ಯೋಚಿಸುತ್ತೇನೆ.

ನಂಬಬಹುದಾದ ಬಸ್ಸು ನಾನು ಒಂದೇ ಒಂದು ನೋಡಿದ್ದೇನೆ. ಅದು ತವರಿನ ಕಡೆಯ ಹಾಲ್ಟ್ ಬಸ್ಸು. ರಾತ್ರಿ ಊರಿಗೆ ಬಂದು ಅಲ್ಲೇ ಉಳಿದು ಬೆಳಿಗ್ಗೆ ಮೊದಲ ಟ್ರಿಪ್ ಹೋಗುತ್ತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಶಾಲೆಯ ಪಕ್ಕದ ಒಂದು ಕೋಣೆಯಲ್ಲಿ ಮಲಗುತ್ತಿದ್ದರು. ನಮ್ಮ ಅಜ್ಜಿ ಹಂಡೆಯ ಬಿಸಿನೀರು ಕಳಿಸುತ್ತಿದ್ದರು, ಒಮ್ಮೊಮ್ಮೆ ಅಕ್ಕಿರೊಟ್ಟಿ ಕೂಡ. ಬೆಳಿಗ್ಗೆ ಆರೂಕಾಲಕ್ಕೆ ಎರಡು ಸಲ ಹಾರ್ನ್. ಆ ಬಸ್ಸು ತಪ್ಪಿದ್ದು ನನಗೆ ನೆನಪಿಲ್ಲ. ಬಸ್ಸು ಎಲ್ಲೋ ಇಂದ ಬರಬೇಕಾಗಿರಲಿಲ್ಲ, ನಮ್ಮ ಅಂಗಳದ ಆಚೆಯೇ ಮಂಜು ಹೊದ್ದು ನಿಂತಿರುತ್ತಿತ್ತು. ಡ್ರೈವರ್ ಏಳದಿದ್ದರೆ ಅಜ್ಜಿಯೇ ಹೋಗಿ ಕಿಟಕಿ ಬಡಿಯುತ್ತಿದ್ದರು. "ಏಳಪ್ಪಾ, ಮಕ್ಕಳಿಗೆ ಪರೀಕ್ಷೆ ಇದೆ."

ನಮ್ಮ ಸ್ಟಾಪಿನಲ್ಲಿ ಮೊದಲು ಬೆಳಿಗ್ಗೆ ಹದಿನಾಲ್ಕು ಜನ ಇದ್ದೆವು. ಮೊದಲು ಹೋದದ್ದು ಬ್ಯಾಂಕಿನ ಹುಡುಗ, ಬೈಕ್ ತೆಗೆದುಕೊಂಡ. ಆಮೇಲೆ ಟೀಚರ್ ಇಬ್ಬರು ಸೇರಿ ಒಂದು ಸ್ಕೂಟರ್. ಕಳೆದ ವರ್ಷ ನರ್ಸ್ ಅಕ್ಕ ಹಳೇ ಕಾರು ತೆಗೆದುಕೊಂಡರು. ಮೊದಮೊದಲು ನಮ್ಮನ್ನು ಕಂಡರೆ ನಿಲ್ಲಿಸುತ್ತಿದ್ದರು, ಈಗ ಕೈ ಬೀಸುತ್ತಾರೆ. ತಪ್ಪಲ್ಲ ಬಿಡಿ, ಅವರಿಗೂ ಡ್ಯೂಟಿ ಇದೆ. ಈಗ ಉಳಿದವರು ನಾನು, ಟೈಲರ್ ಅಕ್ಕ, ಲೈನ್ ಮನೆಯ ಇಬ್ಬರು ಹೆಂಗಸರು, ಶಾಲೆ ಮಕ್ಕಳು, ಆಸ್ಪತ್ರೆಗೆ ಹೋಗುವ ಒಬ್ಬ ಅಜ್ಜ. ಏನಾದರೂ ಕೇಳಬೇಕಾದರೆ ಕೇಳುವ ಬಾಯಿ ಇದ್ದವರೇ ಮೊದಲು ಹೋದರು. ಟೀಚರ್ ಇದ್ದಾಗ ಎರಡು ಸಲ ಅರ್ಜಿ ಬರೆದು ಎಲ್ಲರ ಸಹಿ ಹಾಕಿಸಿದ್ದರು. ಈಗ ಅರ್ಜಿ ಬರೆಯುವವರೂ ಇಲ್ಲ, ಬಸ್ಸು ತುಂಬಿಸುವಷ್ಟು ಜನವೂ ಇಲ್ಲ.

ಈ ಜೂನಿನಲ್ಲಿ ನಾನೂ ಶೋರೂಮಿಗೆ ಹೋದೆ. ಒಂದೇ ವಾರದಲ್ಲಿ ಮೂರು ಸಲ ಲೇಟಾಗಿತ್ತು, ಸಾರ್ ನಗುವುದನ್ನೂ ಬಿಟ್ಟಿದ್ದರು. ಸ್ಕೂಟರ್ ಮೇಲೆ ಕೂರಿಸಿದರು, ಕನ್ನಡಿ ಸರಿ ಮಾಡಿದರು, ಕಂತಿನ ಲೆಕ್ಕ ಹೇಳಿದರು, ಒಂದು ಕೊಟೇಶನ್ ಪ್ರಿಂಟ್ ಹಾಕಿ ಕೊಟ್ಟರು. ನಮ್ಮ ಮನೆಯವರು ಆಗಬಹುದು ಅಂದರು. ಅತ್ತೆ ಮಾತ್ರ, ಮೇಕೇರಿ ಇಳಿಜಾರಿನಲ್ಲಿ ಮಂಜು ಬಿದ್ದರೆ ಎದುರಿನವರೇ ಕಾಣುವುದಿಲ್ಲ, ಆಡಿಮಳೆ ಕಳೆಯಲಿ ಅಂದರು. ಕಾಗದ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡೆ.

ಹೋದ ತಿಂಗಳು ಒಂದು ಸಂಜೆ ಅಂಗಡಿಯಲ್ಲಿ ಸ್ಟಾಕ್ ಲೆಕ್ಕ ಮುಗಿಯುವಾಗ ಹೊತ್ತಾಯಿತು. ಕೊನೆ ಬಸ್ಸಿಗೆ ಎರಡು ನಿಮಿಷ. ಕೊಡೆ ಬಿಚ್ಚದೆ ಓಡಿದೆ. ಸ್ಟ್ಯಾಂಡಿಗೆ ತಿರುಗುವಾಗ ಬಸ್ಸು ಆಗಲೇ ಹೊರಗೆ ಬಂದು ರಸ್ತೆಯಲ್ಲಿ ನಿಂತಿತ್ತು. ಇಂಜಿನ್ ಆನ್, ಹಿಂದೆ ಟೂರಿಸ್ಟ್ ಕಾರುಗಳು ಹಾರ್ನ್ ಮೇಲೆ ಹಾರ್ನ್. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಹೋಲ್ಡಾನ್, ಹೋಲ್ಡಾನ್, ಅಕ್ಕ ಬಂದ್ರು" ಅಂದ. ಹತ್ತಿ ಕೂತೆ. ಒಳಗೆ ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. ಯಾರ ಮುಖದಲ್ಲೂ ಸಂತೋಷ ಇರಲಿಲ್ಲ. ಬಸ್ಸು ಐದು ನಿಮಿಷ ಲೇಟು, ಕಾರಣ ನಾನು. ದಾರಿಯಲ್ಲಿ ಯಾವುದೋ ಸ್ಟಾಪಿನಲ್ಲಿ ಯಾರೋ ಫೋನ್ ಹಿಡಿದು ಮನೆಗೆ ಹೇಳುತ್ತಿದ್ದಿರಬೇಕು, ಬಸ್ಸು ಇನ್ನೂ ಇಲ್ಲ ಅಂತ.

ಮಾರನೇ ದಿನ ಬೆಳಿಗ್ಗೆ ಕಾಯುವಾಗ ಬ್ಯಾಗಿನಿಂದ ಆ ಕೊಟೇಶನ್ ತೆಗೆದೆ. ಹಿಂದೆ ಖಾಲಿ ಇತ್ತು. ನನಗೆ ಗೊತ್ತಿರುವ ಬಸ್ಸುಗಳನ್ನೆಲ್ಲ ಅದರಲ್ಲಿ ಬರೆದೆ. ಬೆಳಿಗ್ಗೆಯದು ಒಂದು ಕಡೆ, ಸಂಜೆಯದು ಒಂದು ಕಡೆ, ಸರ್ಕಾರಿಗೆ ಅಡಿಯಲ್ಲಿ ಗೆರೆ. ಮಧ್ಯಾಹ್ನದ್ದು ಟೈಲರ್ ಅಕ್ಕ ಹೇಳಿದರು, ಶನಿವಾರದ್ದು ಹೈಸ್ಕೂಲ್ ಹುಡುಗಿ ಹೇಳಿದಳು. ಅದೇ ಹುಡುಗಿ, ಮೇಕೇರಿ ಹುಡುಗಿ. ಕಾಕಾ ಕನ್ನಡಕ ಹಾಕಿಕೊಂಡು ಓದಿ, "ಇದನ್ನ ಇಲ್ಲಿ ಬಿಟ್ಟು ಹೋಗು" ಅಂದರು. ಬಿಸ್ಕತ್ತಿನ ಡಬ್ಬಿಗಳ ಮೇಲಿನ ಹಲಗೆಗೆ ಅನ್ನ ಹಚ್ಚಿ ಅಂಟಿಸಿದರು. ಸ್ಕೂಟರಿನ ರೇಟು ಗೋಡೆ ಕಡೆಗೆ ಹೋಯಿತು.

ಎರಡೇ ವಾರ. ಈಗ ಅದರಲ್ಲಿ ಮೂರು ಟೈಮ್ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದಾರೆ. 8:20ರ ಮುಂದೆ ಮಾತ್ರ ಹೊಡೆದಿಲ್ಲ. ಚಿಕ್ಕದಾಗಿ, "ಕೇಳಿ ಹೋಗಿ" ಅಂತ ಬರೆದಿದ್ದಾರೆ.